ಅವರದು ಬೇರೆ ಕಾರ್ಡು

ದಿಬ್ಬೂರಹಳ್ಳಿಯಲ್ಲಿ ಶವರ್ ಇರುವ ಬಚ್ಚಲುಮನೆಗಳು ಎಷ್ಟಿವೆಯೋ ನಮಗೆ ಗೊತ್ತಿಲ್ಲ. ಆದರೆ ಬಂದ ನೆಂಟರಿಗೆ ಕಾಫಿಗಿಂತ ಮುಂಚೆ ಶವರ್ ತೋರಿಸುವ ಮನೆ ಮಾತ್ರ ಒಂದೇ, ಅದು ಪತ್ರಬರಹಗಾರ ನರಸಿಂಹಪ್ಪನವರದು. ಶಿಡ್ಲಘಟ್ಟದ ನೋಂದಣಿ ಕಚೇರಿಯ ಮುಂದೆ ಬೇವಿನಮರದ ಕೆಳಗೆ ಮೂವತ್ತು ವರ್ಷದಿಂದ ಮೇಜು ಹಾಕಿಕೊಂಡು ಕೂತವರು ಅವರು. ತಾಲ್ಲೂಕಿನ ಎಷ್ಟೋ ಅಣ್ಣತಮ್ಮಂದಿರು ಬೇರೆಯಾದದ್ದು ಅವರ ದುಂಡು ಅಕ್ಷರದಲ್ಲೇ. ಹೀಗಾಗಿ ಅವರಿಗೊಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಕಾಗದದಲ್ಲಿ ಇದ್ದದ್ದು ಇದೆ, ಕಾಗದದಲ್ಲಿ ಇಲ್ಲದ್ದು ಇಲ್ಲ. ಈ ವೇದಾಂತವನ್ನು ಅವರು ಕಕ್ಷಿದಾರರಿಗೆಲ್ಲ ಪುಕ್ಕಟೆಯಾಗಿ ಹಂಚುತ್ತಿದ್ದರು.

ಶವರಿನ ವಿಷಯಕ್ಕೆ ಬರೋಣ. ಕೆರೆ ತುಂಬಿದ ಮೇಲೆ ಹಿತ್ತಲಿನ ಹಳೆ ಬಾವಿಗೆ ನೀರು ಮರಳಿ ಬಂತಲ್ಲ, ಆ ಸಂತೋಷಕ್ಕೆ ನರಸಿಂಹಪ್ಪನವರು ಮೋಟಾರು ಇಟ್ಟು, ಮೇಲೆ ಟ್ಯಾಂಕು ಕೂರಿಸಿ, ಬಚ್ಚಲಿಗೆ ತಟ್ಟೆಯಷ್ಟಗಲದ ಶವರ್ ಹಾಕಿಸಿದ್ದರು. ಮೂರು ತಿಂಗಳು ಅದು ಮಳೆಯ ಹಾಗೆ ಸುರಿಯಿತು. ಆಮೇಲೆ ಬಾವಿಯ ನೀರು ತನ್ನ ಗುಣ ತೋರಿಸಿತು. ತೂತುಗಳೆಲ್ಲ ಬಿಳಿ ಹಕ್ಕಳೆ ಕಟ್ಟಿ ಒಂದೊಂದಾಗಿ ಮುಚ್ಚಿಕೊಂಡು, ಕೊನೆಗೆ ಅಂಚಿನ ಒಂದೇ ಒಂದು ತೂತು ಉಳಿಯಿತು. ಗೌರಿಬಿದನೂರಿನ ಬೀಗರು ಬಂದಿದ್ದಾಗ ನರಸಿಂಹಪ್ಪನವರು ವಾಡಿಕೆಯಂತೆ ನಲ್ಲಿ ತಿರುಗಿಸಿ ತೋರಿಸಿದರು. ನೀರು ಕೆಳಕ್ಕೆ ಬರುವುದನ್ನು ಬಿಟ್ಟು ಅಡ್ಡಕ್ಕೆ ಚಿಮ್ಮಿ, ಬಾಗಿಲಲ್ಲಿ ನಿಂತಿದ್ದ ಬೀಗರ ಜರಿಪಂಚೆಯನ್ನು ಸೊಂಟದಿಂದ ಕೆಳಗೆ ತೋಯಿಸಿಬಿಟ್ಟಿತು. ಬೀಗರು ಸಜ್ಜನರು. ನಿಮ್ಮ ನೀರು ಸ್ವಲ್ಪ ಗಡಸು ಅಂತ ಮಾತ್ರ ಹೇಳಿ, ಪಂಚೆ ಒಣಗುವವರೆಗೆ ಎದ್ದು ನಿಲ್ಲಲಿಲ್ಲ.

ಮಗ ರಮೇಶ್‌ಬಾಬು, ನೀರು ಮೆದು ಮಾಡುವ ಮೆಶೀನು ಬರುತ್ತೆ, ಸಾಫ್ಟ್‌ನರ್ ಅಂತಾರೆ, ಹಾಕಿಸೋಣ ಎಂದ. ಸೊಸೆ ಹರಿತಾ ಮದುವೆಯಾಗಿ ಬಂದಾಗ ತೋಳು ಗಾತ್ರವಿದ್ದ ಅವಳ ಜಡೆ ಈಗ ಬೆರಳು ಗಾತ್ರ ಆಗಿರುವುದು ಎಲ್ಲರಿಗೂ ಕಾಣುತ್ತಿತ್ತು. ನರಸಿಂಹಪ್ಪನವರು ಮಾರನೇ ದಿನವೇ ಚಿಂತಾಮಣಿಯ ಬಸ್ಸು ಹತ್ತಿದರು.

ಚಿಂತಾಮಣಿಯಲ್ಲಿ ಈ ಮೆಶೀನಿನ ಅಂಗಡಿ ಇಟ್ಟಿದ್ದವನು ಚಿರಂಜೀವಿ. ವ್ಯಾಪಾರಿಗಳಲ್ಲಿ ಇಂಥವನು ಹುಟ್ಟುವುದು ಅಪರೂಪ, ಹುಟ್ಟಿದರೆ ಉದ್ಧಾರವಾಗುವುದು ಇನ್ನೂ ಅಪರೂಪ. ಇರೋದರಲ್ಲಿ ದೊಡ್ಡದು ಯಾವುದೋ ಅದನ್ನು ಕೊಡಿ ಎಂದು ನರಸಿಂಹಪ್ಪನವರು ಕೇಳಿದರೆ, ಅವನು ಕೊಡುವುದಿಲ್ಲ ಎಂದ. ಒಳಗೆ ಸಾಸಿವೆಯಂಥ ಮಣಿಗಳಿರುತ್ತವೆ, ನೀರಿನ ಗಡಸನ್ನೆಲ್ಲ ಅವು ಹಿಡಿದಿಟ್ಟುಕೊಳ್ಳುತ್ತವೆ, ತುಂಬಿದ ಮೇಲೆ ಉಪ್ಪುನೀರಲ್ಲಿ ತೊಳೆಯಬೇಕು. ಮೆಶೀನು ಚಿಕ್ಕದಾದರೆ ದಿನ ಬೆಳಗಾದರೆ ಉಪ್ಪು ಹೊರಬೇಕು, ದೊಡ್ಡದಾದರೆ ನೀರು ಒಳಗೇ ನಿಂತು ಕೆಡುತ್ತೆ, ಉಪ್ಪೂ ದಂಡ. ಹೀಗೆ ಅರ್ಧ ಗಂಟೆ ಪಾಠ ಮಾಡಿ, ಭಾನುವಾರ ನಾನೇ ಬಂದು ನೀರು ನೋಡಿ, ಜನ ಲೆಕ್ಕ ಹಾಕಿ ಹೇಳುತ್ತೇನೆ ಎಂದು ಕಳಿಸಿದ. ಕೊಳ್ಳುವವನನ್ನು ಬರಿಗೈಯಲ್ಲಿ ಕಳಿಸಿದ ಅಂಗಡಿಯನ್ನು ನರಸಿಂಹಪ್ಪನವರು ಜೀವಮಾನದಲ್ಲಿ ಅದೇ ಮೊದಲು ನೋಡಿದ್ದು.

ಭಾನುವಾರ ಚಿರಂಜೀವಿ ಬಂದ. ಜಗಲಿಯ ಮೇಲೆ ಕೂತು, ಗಾಜಿನ ಕೊಳವೆಯಲ್ಲಿ ಬಾವಿನೀರು ಹಿಡಿದು, ಏನೋ ಪುಡಿ ಹಾಕಿದ. ನೀರು ಕೆಂಪಗಾಯಿತು. ಇನ್ನೊಂದು ಸೀಸೆಯಿಂದ ಹನಿಹನಿಯಾಗಿ ಔಷಧಿ ಬಿಡುತ್ತೇನೆ, ನೀಲಿಗೆ ತಿರುಗಲು ಎಷ್ಟು ಹನಿ ಹಿಡಿಯುತ್ತೋ ಅಷ್ಟು ಗಡಸು ಎಂದ. ಮನೆಯವರೆಲ್ಲ ಸುತ್ತ ನಿಂತು ಹರಾಜು ಕೂಗುವವರ ಹಾಗೆ ಎಣಿಸಿದರು. ಇಪ್ಪತ್ತೆಂಟನೇ ಹನಿಗೆ ನೀರು ನೀಲಿಯಾಯಿತು. ನೀವು ಇಷ್ಟು ದಿನ ಮಾಡಿದ್ದು ಸ್ನಾನ ಅಲ್ಲ ಸಾರ್, ಮೈಗೆ ಸುಣ್ಣ ಹೊಡ್ಕೊಂಡಿದ್ದೀರಿ ಎಂದು ಚಿರಂಜೀವಿ ಮರುಕದಿಂದ ಹೇಳಿ, ಜೇಬಿನಿಂದ ಒಂದು ಫಾರಂ ತೆಗೆದ. ಪೆನ್ನಿನ ಮುಚ್ಚಳ ತೆಗೆದು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ.

ಇಲ್ಲೇ ಅನಾಹುತ ಆದದ್ದು.

ಆ ಮನೆಯಲ್ಲಿದ್ದದ್ದು ಐದು ಜನ. ನರಸಿಂಹಪ್ಪ, ಹೆಂಡತಿ ಕದಿರಮ್ಮ, ಮಗ, ಸೊಸೆ, ಮತ್ತು ನರಸಿಂಹಪ್ಪನವರ ಅಕ್ಕ ಅಕ್ಕಯ್ಯಮ್ಮ. ಅಕ್ಕಯ್ಯಮ್ಮ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅದೇ ವರ್ಷ ತಾಯಿ ತೀರಿಕೊಂಡಳು. ಆಗ ನರಸಿಂಹಪ್ಪನಿಗೆ ಆರು ವರ್ಷ. ಅವತ್ತು ತಮ್ಮನ ಮೂಗು ಒರೆಸಲು ಕೂತವಳು ಐವತ್ತು ವರ್ಷವಾದರೂ ಆ ಕೆಲಸ ಮುಗಿಯಿತು ಅಂತ ಎದ್ದಿರಲಿಲ್ಲ. ಇಂಥವಳನ್ನು ಯಾರಾದರೂ ಮರೆಯುತ್ತಾರೆಯೇ ಅಂತ ನೀವು ಕೇಳಬಹುದು. ನರಸಿಂಹಪ್ಪನವರು ಮರೆಯಲಿಲ್ಲ. ಅವರು ಮಾಡಿದ್ದು ಅದಕ್ಕಿಂತ ಘೋರ.

ವಿಷಯ ಏನೆಂದರೆ, ಆರು ವರ್ಷದ ಹಿಂದೆ ಪಂಚಾಯ್ತಿ ಮೆಂಬರ್ ಗಂಗುಲಪ್ಪನ ಮಾತು ಕೇಳಿ ಅಕ್ಕಯ್ಯಮ್ಮನ ಹೆಸರಲ್ಲಿ ಬೇರೆ ರೇಷನ್ ಕಾರ್ಡು ಮಾಡಿಸಿದ್ದರು. ಹಿತ್ತಲಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಹುಳುಮನೆಗೆ ಬೇರೆ ಬಾಗಿಲು ನಂಬರು ಹಾಕಿಸಿ, ಅದೇ ಅವಳ ಮನೆ ಎಂದು ಬರೆಸಿದ್ದರು. ಅಕ್ಕಯ್ಯಮ್ಮ ಅಲ್ಲಿ ಒಂದು ದಿನವೂ ಮಲಗಿದವಳಲ್ಲ. ಆದರೆ ತಿಂಗಳಿಗೊಮ್ಮೆ ತನ್ನದೇ ಚೀಲ ಹಿಡಿದು ಡಿಪೋಗೆ ಹೋಗಿ, ತನ್ನದೇ ಅಕ್ಕಿ ತಂದು, ಈ ಮನೆಗೆ ನನ್ನದೂ ಅಂತ ಇಷ್ಟು ಎಂದು ಡಬ್ಬಕ್ಕೆ ಸುರಿಯುವಾಗ ಅವಳ ಮುಖ ನೋಡಬೇಕಿತ್ತು. ಅಂದಿನಿಂದ ಯಾರೇ ಪೆನ್ನು ಹಿಡಿದು ಜನ ಎಷ್ಟು ಎಂದು ಕೇಳಿದರೂ ನಾಲ್ಕು ಎಂದು ಹೇಳಬೇಕೆಂದು ನರಸಿಂಹಪ್ಪನವರು ಮನೆಮಂದಿಗೆಲ್ಲ ಪಾಠ ಮಾಡಿಸಿದ್ದರು. ತಾವೂ ಚೆನ್ನಾಗಿ ಕಲಿತಿದ್ದರು.

ಹಾಗಾಗಿ ಚಿರಂಜೀವಿಯ ಪೆನ್ನು ಕಂಡದ್ದೇ ತಡ, ಅವರು ಒಳಗೆ ಹೋಗಿ ರೇಷನ್ ಕಾರ್ಡು ತಂದು, ಕನ್ನಡಕ ಏರಿಸಿ, ನಾಲ್ಕು ಹೆಸರು ಗಟ್ಟಿಯಾಗಿ ಓದಿದರು. ಅದೇ ಹೊತ್ತಿಗೆ ಅಕ್ಕಯ್ಯಮ್ಮ ಬಂದವನಿಗೆ ಅಂತ ಮಜ್ಜಿಗೆ ಲೋಟ ಹಿಡಿದುಕೊಂಡು ಹೊಸಿಲಲ್ಲಿ ನಿಂತಿದ್ದಳು. ಚಿರಂಜೀವಿ ಲೋಟ ತೆಗೆದುಕೊಂಡು ಅವಳ ಮುಖ ನೋಡಿದ.

“ಮತ್ತೆ ಈಯಮ್ಮ?” ಎಂದ.

“ಅವರದು ಬೇರೆ ಕಾರ್ಡು,” ಎಂದರು ನರಸಿಂಹಪ್ಪ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕಯ್ಯಮ್ಮ, ಚಿರಂಜೀವಿ ಮಜ್ಜಿಗೆ ಕುಡಿದು ಮುಗಿಸುವವರೆಗೂ ನಿಂತಿದ್ದು, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಚಿರಂಜೀವಿ ನಾಲ್ಕು ಎಂದು ಬರೆದುಕೊಂಡ. ಬರೆಯುವಾಗ ಸ್ವಲ್ಪ ಅನುಮಾನಿಸಿದ ಎಂಬುದನ್ನು ಇಲ್ಲಿ ದಾಖಲು ಮಾಡಬೇಕು.

ಸೋಮವಾರ ಬೆಳಿಗ್ಗೆ ನರಸಿಂಹಪ್ಪನವರು ಎದ್ದು ಕಾಫಿ ಎಂದರೆ ಕಾಫಿ ಬರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಹುಳುಮನೆಯ ಬಾಗಿಲು ತೆರೆದಿದೆ, ಹುಳುಗಳು ಗೂಡು ಕಟ್ಟಲೆಂದು ಇಡುತ್ತಿದ್ದ, ಈಗ ಗೋಡೆಗೆ ಒರಗಿಸಿದ ಹಳೆ ಚಂದ್ರಿಕೆ ತಟ್ಟೆಗಳ ನಡುವೆ ಚಾಪೆ ಹಾಸಿದೆ, ಮೂರು ಕಲ್ಲಿನ ಒಲೆಯಲ್ಲಿ ಹೊಗೆ ಏಳುತ್ತಿದೆ. ಅಕ್ಕಯ್ಯಮ್ಮ ಒಂದು ತಟ್ಟೆ, ಒಂದು ಲೋಟ, ಒಂದು ಪಾತ್ರೆ ಜೋಡಿಸಿಕೊಂಡು ಕೂತಿದ್ದಾಳೆ. ತಮ್ಮನನ್ನು ಕಂಡವಳೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಬನ್ನಿ ನರಸಿಂಹಪ್ಪನವರೇ, ಕೂತ್ಕೊಳ್ಳಿ. ಏನು ಬಂದಿದ್ದು?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕ ಬೈಯುವುದು ಅವರಿಗೆ ಐವತ್ತು ವರ್ಷದ ಅಭ್ಯಾಸ. ಬಹುವಚನ ಮಾತ್ರ ಎದೆಗೆ ಹೋಗಿ ನಾಟಿತು. ಅಕ್ಕ, ಇದೇನು, ಬಾ ಒಳಗೆ ಎಂದರು. ನಮ್ಮದು ಬೇರೆ ಕಾರ್ಡಲ್ಲವೇ, ಅಕ್ಕಪಕ್ಕದವರು ಚೆನ್ನಾಗಿರಬೇಕು ಅಷ್ಟೇ ಎಂದಳು ಅಕ್ಕಯ್ಯಮ್ಮ.

ಅಂದಿನಿಂದ ಅವಳು ಅಕ್ಕಪಕ್ಕದವಳಾಗಿ ಎಷ್ಟು ಚೆನ್ನಾಗಿದ್ದಳು ಎಂದರೆ ಮನೆಯವರು ಕಂಗಾಲಾದರು. ಹಿಂದಿನ ಬಾಗಿಲು ಬಿಟ್ಟು ಬೀದಿ ಸುತ್ತಿ ಮುಂಬಾಗಿಲಿಗೆ ಬಂದು, ಮನೇಲಿ ಯಾರಮ್ಮ ಎಂದು ಕೂಗುತ್ತಿದ್ದಳು. ಕದಿರಮ್ಮನ ಹತ್ತಿರ ಒಂದು ಹಿಡಿ ಉಪ್ಪು ಕಡ ಪಡೆದು ಸಂಜೆಯೊಳಗೆ ಹಿಡಿಗಿಂತ ಒಂದು ಚಿಟಿಕೆ ಜಾಸ್ತಿಯೇ ಹಿಂತಿರುಗಿಸಿದಳು. ತಾನೇ ತೋಡಿಸಿದಷ್ಟು ಅಧಿಕಾರದಿಂದ ಸೇದುತ್ತಿದ್ದ ಬಾವಿಯ ನೀರು ಮುಟ್ಟದೆ, ಬಿಂದಿಗೆ ಹಿಡಿದು ಬೀದಿ ನಲ್ಲಿಗೆ ಹೋದಳು. ಹರಿತಾ ಅಳುತ್ತ, ದೊಡ್ಡತ್ತೆ, ನನ್ನ ತಲೆಗೆ ಎಣ್ಣೆ ಯಾರು ಹಚ್ಚುತ್ತಾರೆ ಎಂದು ಕೇಳಿದ್ದಕ್ಕೆ, ಭಾನುವಾರ ಬಾರಮ್ಮ, ಪಕ್ಕದ ಮನೆ ಹುಡುಗಿಗೆ ಹಚ್ಚಬಾರದು ಅಂತ ಎಲ್ಲಿದೆ ಎಂದಳು.

ಬೀದಿ ನಲ್ಲಿಗೆ ಹೋದಳು ಎಂದೆವಲ್ಲ, ಅಲ್ಲಿ ಮುನಿಗಂಗಮ್ಮ ಇದ್ದಳು. ಎದುರುಮನೆಯ ಮುನಿಗಂಗಮ್ಮನಿಗೆ ಒಂದು ಸುದ್ದಿ ಸಿಕ್ಕರೆ ಊರಿಗೆ ಬೇರೆ ಮೈಕು ಬೇಕಿಲ್ಲ. ಮಂಗಳವಾರಕ್ಕೆ, ಅಕ್ಕ ತಮ್ಮ ಭಾಗವಾದರಂತೆ ಎಂದಾಯಿತು. ಬುಧವಾರಕ್ಕೆ, ಊರಿಗೆಲ್ಲ ಭಾಗಪತ್ರ ಬರೆಯೋನು ಹೆತ್ತತಾಯಿಯಂಥ ಅಕ್ಕನಿಗೆ ಹುಳುಮನೆ ಬರೆದುಕೊಟ್ಟನಂತೆ ಎಂದಾಯಿತು. ಮುರುಗಮಲ್ಲದ ಚಿಕ್ಕಪ್ಪನ ಮಗ ಫೋನು ಮಾಡಿ, ಬಾವಿ ಯಾರ ಪಾಲಿಗೆ ಹೋಯಿತು ಎಂದು ವಿಚಾರಿಸಿದ. ಗೌರಿಬಿದನೂರಿನ ಬೀಗರು ಮಾತ್ರ, ನನ್ನ ಪಂಚೆಯಿಂದ ಇಷ್ಟೆಲ್ಲ ಆಯಿತೇ ಎಂದು ನೊಂದುಕೊಂಡರು.

ನರಸಿಂಹಪ್ಪನವರಿಗೆ ಬಾಯಲ್ಲಿ ಕ್ಷಮೆ ಕೇಳಲು ಬರುತ್ತಿರಲಿಲ್ಲ. ಹಾಗಾಗಿ ಬರುವ ವಿದ್ಯೆಯನ್ನೇ ಬಳಸಿದರು. ಬುಧವಾರ ಮಧ್ಯಾಹ್ನ ಕೂತು, ‘ನಾನು ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಸದರಿ ಅಕ್ಕಯ್ಯಮ್ಮನವರಿಗೆ ಬರೆದುಕೊಟ್ಟ ಕ್ಷಮಾಪಣಾ ಪತ್ರ’ ಎಂದು ಶುರುಮಾಡಿ, ಸದರಿ ಭಾನುವಾರ ಸದರಿ ಜಗಲಿಯ ಮೇಲೆ ಆಡಿದ ಸದರಿ ಮಾತನ್ನು ಈ ಮೂಲಕ ರದ್ದುಪಡಿಸಲಾಗಿದೆ ಎಂದು ಬರೆದು, ರೂಢಿ ತಪ್ಪಬಾರದೆಂದು ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ಹಿತ್ತಲು ಎಂದು ನಾಲ್ಕು ದಿಕ್ಕಿನ ಗಡಿಯನ್ನೂ ಸೇರಿಸಿದರು. ಹರಿತಾ ಅದನ್ನು ಅಕ್ಕಯ್ಯಮ್ಮನಿಗೆ ಓದಿ ಹೇಳಿದಳು. ಅಕ್ಕಯ್ಯಮ್ಮ ಪೂರ್ತಿ ಕೇಳಿಸಿಕೊಂಡು, ಅಕ್ಷರ ದುಂಡಗಿದೆಯಂತಲ್ಲ, ಆದರೆ ಸಾಕ್ಷಿ ರುಜು ಇಲ್ಲದ ಪತ್ರ ಊರ್ಜಿತವಾಗುತ್ತದೆಯೇ ಎಂದು ನಿಮ್ಮ ಮಾವನವರನ್ನು ಕೇಳಮ್ಮ ಎಂದು ವಾಪಸು ಕಳಿಸಿದಳು.

ಗುರುವಾರ ಗಂಗುಲಪ್ಪ ಪಂಚಾಯ್ತಿ ಮಾಡಲು ಬಂದ. ಕಾರ್ಡಿನ ಐಡಿಯಾ ಕೊಟ್ಟವನೇ ತಾನು ಎಂಬುದನ್ನು ಮರೆತು, ಎರಡು ಮನೆಗೂ ಸಮನಾಗಿ ನಡೆದುಕೊಳ್ಳುವುದು ಮೆಂಬರಾದವನ ಧರ್ಮ ಎಂದು ಸಾರಿದ. ಮುಂದಿನ ಮನೆಯಲ್ಲಿ ಒಂದು ಕಾಫಿ ಕುಡಿದರೆ ಹಿಂದಿನ ಮನೆಯಲ್ಲಿ ಒಂದು. ಮಾತು ಬಗೆಹರಿಯದೆ ಆರನೇ ಕಾಫಿಗೆ ಅವನ ಕೈ ನಡುಗತೊಡಗಿ, ನ್ಯಾಯ ಹಾಗೇ ಬಿಟ್ಟು ಬಿಪಿ ಮಾತ್ರೆ ಹುಡುಕಿಕೊಂಡು ಹೋದ.

ಶುಕ್ರವಾರ ನರಸಿಂಹಪ್ಪನವರು ಮತ್ತೆ ಚಿಂತಾಮಣಿಗೆ ಹೋದರು. ಐದು ದಿನದಲ್ಲಿ ಮುಖ ಇಳಿದುಹೋಗಿತ್ತು. ಕದಿರಮ್ಮ ಚೆನ್ನಾಗಿಯೇ ಅಡುಗೆ ಮಾಡುತ್ತಾಳೆ, ಆದರೆ ಊಟಕ್ಕೆ ಕೂತಾಗ ಇನ್ನೊಂಚೂರು ಹಾಕಿಸ್ಕೊಳೋ ಎನ್ನುವ ದನಿ ಇಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾಲ್ಕು ಜನರ ಮೆಶೀನು ಬೇಡ, ಹತ್ತು ಜನರದ್ದು ಕೊಡಪ್ಪ, ಅಕ್ಕನ ಲೆಕ್ಕವನ್ನು ಎಲ್ಲರಿಗಿಂತ ಜಾಸ್ತಿ ಹಿಡಿ, ಅವಳ ಹೆಸರನ್ನು ಮೆಶೀನಿನ ಮೇಲೇ ಬರೆಸು ಎಂದು ಚಿರಂಜೀವಿಯ ಮುಂದೆ ಬೇಡಿಕೊಂಡರು. ಚಿರಂಜೀವಿ ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟ.

“ಪ್ರೀತಿಗೆ ಸೈಜಿಲ್ಲ ಸಾರ್, ಮೆಶೀನಿಗಿದೆ. ಆಯಮ್ಮ ಯಾವ ಬಚ್ಚಲಲ್ಲಿ ಸ್ನಾನ ಮಾಡ್ತಾರೆ, ಅದನ್ನ ತಿಳ್ಕೊಂಡು ಬನ್ನಿ. ನಾಲ್ಕೋ ಐದೋ, ನಿಜ ಹೇಳಿ. ಆಮೇಲೆ ಕೊಡ್ತೀನಿ.”

ಆಯಮ್ಮ ಈಗ ಹುಳುಮನೆಯ ಹಿಂದೆ ತಡಿಕೆ ಕಟ್ಟಿಕೊಂಡು ಬಕೀಟಿನಲ್ಲಿ ಸ್ನಾನ ಮಾಡುತ್ತಾಳೆ ಎಂದು ಹೇಳಲು ನರಸಿಂಹಪ್ಪನವರಿಗೆ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಊರಿಗೆ ಬಂದರು.

ಮುಂದಿನ ಬುಧವಾರ, ಕೆಟ್ಟ ಕಾಲಕ್ಕೆ ಎನ್ನಬೇಕೋ ಒಳ್ಳೆ ಕಾಲಕ್ಕೆ ಎನ್ನಬೇಕೋ, ಆಹಾರ ಇಲಾಖೆಯ ಜೀಪು ಬಂತು. ಒಬ್ಬರೇ ಇರುವ ಕಾರ್ಡುಗಳು ನಿಜವೋ ಸುಳ್ಳೋ ಎಂದು ಮನೆಮನೆ ನೋಡುತ್ತಿದ್ದರು. ಅಧಿಕಾರಿಯ ಹೆಸರು ಪದ್ಮಶ್ರೀ. ಚಿಕ್ಕ ವಯಸ್ಸಿನವರಾದರೂ ಸುಳ್ಳು ಒಲೆಗಳನ್ನು ನೋಡಿ ನೋಡಿ ಮನಸ್ಸು ಗಟ್ಟಿಯಾಗಿತ್ತು. ಬಂದವರು ನೇರ ಹುಳುಮನೆಗೆ ನುಗ್ಗಿ, ಒಲೆಯ ಬೂದಿ ಮುಟ್ಟಿ ನೋಡಿದರು. ಬಿಸಿ ಇತ್ತು. ತಟ್ಟೆ ಒಂದೇ. ಚಾಪೆ ಒಂದೇ. ಮೂಲೆಯಲ್ಲಿ ಬೀದಿ ನಲ್ಲಿಯ ನೀರು ತುಂಬಿದ ಬಿಂದಿಗೆ. ತಾಲ್ಲೂಕಿನಲ್ಲಿ ಇಷ್ಟು ನಿಜವಾಗಿ ಬೇರೆ ಇರುವವರನ್ನು ನಾನು ಕಂಡಿಲ್ಲ ಎಂದು ಮೆಚ್ಚಿ, ಫಾರಂ ತುಂಬಿಸಿ, ಮುಂದಿನ ಮನೆಯವರ ರುಜು ಒಂದು ಬೇಕು ಎಂದು ನರಸಿಂಹಪ್ಪನವರ ಮುಂದೆ ಹಿಡಿದರು. ಸದರಿಯವರು ನಮ್ಮ ಕುಟುಂಬಕ್ಕೆ ಸೇರಿದವರಲ್ಲ, ಪ್ರತ್ಯೇಕವಾಗಿ ವಾಸವಿದ್ದಾರೆ ಎಂದು ಅದರಲ್ಲಿ ಅಚ್ಚಾಗಿತ್ತು.

ಹಿತ್ತಲ ಗೋಡೆಯ ಮೇಲೆ ಮುನಿಗಂಗಮ್ಮನ ತಲೆ ಮೂಡಿತು. ಕದಿರಮ್ಮ, ಮಗ, ಸೊಸೆ ಹಿತ್ತಲ ಬಾಗಿಲಲ್ಲಿ ಸಾಲಾಗಿ ನಿಂತರು. ಒಂದು ರುಜು ಹಾಕಿದರೆ ಅಕ್ಕನ ಕಾರ್ಡು ಉಳಿಯುತ್ತಿತ್ತು, ಅವಳ ಚೀಲ, ಅವಳ ಅಕ್ಕಿ ಎಲ್ಲ ಉಳಿಯುತ್ತಿತ್ತು. ಮೂವತ್ತು ವರ್ಷದಲ್ಲಿ ಸಾವಿರಾರು ಜನರ ಕೈಹಿಡಿದು ರುಜು ಹಾಕಿಸಿದ ನರಸಿಂಹಪ್ಪನವರು ಪೆನ್ನು ಹಿಡಿದು ಆ ಸಾಲನ್ನು ಎರಡು ಸಲ ಓದಿ, ಮುಚ್ಚಳ ಹಾಕಿದರು.

“ಆಗಲ್ಲ ಮೇಡಂ,” ಎಂದರು ಕೊನೆಗೆ. “ನಮ್ಮನೇಲಿ ಐದು ಜನ.”

ಅಕ್ಕಯ್ಯಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಅವನ ಮಾತು ಕೇಳಬೇಡಿ, ನಾನು ಬೇರೆ, ಬೂದಿ ಮುಟ್ಟಿ ನೋಡಿದ್ದೀರಲ್ಲ ಎಂದಳು. ನರಸಿಂಹಪ್ಪನವರು, ಬೇರೆ ಅಲ್ಲ, ಒಂದೇ ಎಂದರು. ಅವಳು ಬೇರೆ ಎಂದಳು. ಒಟ್ಟಿಗಿದ್ದು ಬೇರೆ ಎನ್ನುವವರನ್ನು ಪದ್ಮಶ್ರೀ ದಿನಕ್ಕೆ ಹತ್ತು ಮಂದಿ ನೋಡಿದ್ದರು. ಬೇರೆ ಇದ್ದದ್ದನ್ನು ಕಣ್ಣಾರೆ ಕಂಡ ಮೇಲೂ ಒಟ್ಟಿಗಿದ್ದೇವೆ ಎಂದು ಅಧಿಕಾರಿಯ ಮುಂದೆ ಜಗಳವಾಡುವವನನ್ನು ಅವರು ನೋಡಿರಲಿಲ್ಲ. ಫಾರಮಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

“ನೀನು ಸುಮ್ನಿರೋ, ಕಾರ್ಡು ಹೋಗುತ್ತೆ,” ಎಂದಳು ಅಕ್ಕಯ್ಯಮ್ಮ. ಹತ್ತು ದಿನದ ಬಹುವಚನ ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ.

“ಹೋದ್ರೆ ಹೋಗ್ಲಿ ಅಕ್ಕ. ಆವತ್ತು ನನ್ನ ಬಾಯಲ್ಲಿ ಬಂದಿದ್ದು ಕಾಗದದ ಮಾತು. ಅಮ್ಮ ಹೋದಾಗಿಂದ ನಾನು ಉಂಡಿದ್ದೆಲ್ಲ ನೀನು ಬಡಿಸಿದ್ದು. ನೀನಿಲ್ದೆ ನನಗೆ ಊಟ ಸೇರ್ತಿಲ್ಲ, ನಿದ್ದೆ ಬರ್ತಿಲ್ಲ. ನೀನು ನಮ್ಮವಳಲ್ಲ ಅಂತ ನನ್ನ ಕೈಲಿ ಮಾತ್ರ ಬರೆಸ್ಬೇಡ ಕಣಕ್ಕ.”

ಹೇಳುತ್ತ ಹೇಳುತ್ತ ಅವರ ದನಿ ಒಡೆದು, ಐವತ್ತಾರು ವರ್ಷದ ಮನುಷ್ಯ ಎಲ್ಲರೆದುರು ಅತ್ತುಬಿಟ್ಟರು. ಅಕ್ಕಯ್ಯಮ್ಮ ಅತ್ತಿತ್ತ ನೋಡಿ, ಸೆರಗಿನ ತುದಿಯಿಂದ ತಮ್ಮನ ಮುಖ ಒರೆಸಿ, ಜನ ನೋಡುತ್ತಾರೆ ಎಂದು ಗದರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಗೋಡೆಯಾಚೆ ಮುನಿಗಂಗಮ್ಮ ಮೂಗು ಸೇದಿದ್ದು ಎಲ್ಲರಿಗೂ ಕೇಳಿಸಿತು.

ಪದ್ಮಶ್ರೀ ಫಾರಂ ಮಡಿಸಿಟ್ಟು ಇನ್ನೊಂದು ಫಾರಂ ತೆಗೆದರು. ಈ ಕಾರ್ಡು ರದ್ದಾಗುತ್ತದೆ, ಹೆಸರು ಆ ಕಾರ್ಡಿಗೆ ಸೇರುತ್ತದೆ, ವಿಧವಾ ವೇತನಕ್ಕೆ ತೊಂದರೆಯಿಲ್ಲ ಎಂದರು. ಆದರೆ ಒಂದು ಮಾತು, ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಬರೆಯುವುದು ಎಲ್ಲರಿಗಿಂತ ಹಿರಿಯ ಹೆಂಗಸನ್ನು, ಈಗ ಅದರಲ್ಲಿ ಕದಿರಮ್ಮ ಅಂತಿದೆ, ಇವರು ಸೇರಿದರೆ ಇವರ ಹೆಸರೇ ಮೇಲೆ ಬರುತ್ತದೆ, ಒಪ್ಪಿಗೆಯೇ ಎಂದು ಕೇಳಿದರು. ಎಲ್ಲರೂ ಕದಿರಮ್ಮನ ಮುಖ ನೋಡಿದರು.

“ಬರ್ಕೊಳ್ಳಿ ಮೇಡಂ,” ಎಂದಳು ಕದಿರಮ್ಮ. “ನಾನು ಯಜಮಾನಿ ಅನ್ನೋದು ಇಷ್ಟು ದಿನ ಆ ಕಾರ್ಡಿಗೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ.”

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಚಿರಂಜೀವಿ ಬಂದಿದ್ದ. ತಪ್ಪು ಲೆಕ್ಕ ಬರೆದುಕೊಂಡ ದಿನದಿಂದ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ, ಖುದ್ದಾಗಿ ಕೇಳಿಕೊಂಡು ಹೋಗೋಣ ಅಂತ ಬಂದೆ ಎಂದು, ಹಳೆ ಫಾರಂ ಕೈಯಲ್ಲಿ ಹಿಡಿದು ಪದ್ಮಶ್ರೀಯ ಪಕ್ಕದಲ್ಲೇ ನಿಂತ. ಎರಡು ಪೆನ್ನುಗಳು ಸಿದ್ಧವಾದವು.

“ಯಜಮಾನಿಯವರೇ, ನೀವೇ ಹೇಳಿ,” ಎಂದರು ಪದ್ಮಶ್ರೀ. “ನಿಮ್ಮ ಮನೇಲಿ ಎಷ್ಟು ಜನ?”

ಅಕ್ಕಯ್ಯಮ್ಮ ಅವಸರ ಮಾಡಲಿಲ್ಲ. ಕೈ ತೊಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಮಡಿಲಲ್ಲಿ ಕೈ ಇಟ್ಟುಕೊಂಡಳು. ಬೆರಳು ಮಡಚುತ್ತ, ನಾನು ಎಂದಳು. ಕದಿರಮ್ಮ ಎಂದಳು. ರಮೇಶ ಎಂದಳು. ಹರಿತಾ ಎಂದು, ಕೂದಲು ಉದುರುತ್ತೆ ಮಗೂಗೆ, ಅವಳಿಗೆ ಒಂದು ಕೊಡ ನೀರು ಜಾಸ್ತಿ ಹಿಡಿ ಎಂದು ಚಿರಂಜೀವಿಗೆ ಹೇಳಿದಳು. ಅಷ್ಟಕ್ಕೆ ನಿಲ್ಲಿಸಿದಳು.

ಎರಡು ಪೆನ್ನುಗಳೂ ನಿಂತವು. ನಾಲ್ಕೇನಮ್ಮ ಎಂದು ಚಿರಂಜೀವಿ ಮೆಲ್ಲಗೆ ಕೇಳಿದ. ನರಸಿಂಹಪ್ಪನವರು ಬಾವಿಕಟ್ಟೆ ಹಿಡಿದುಕೊಂಡು ನಿಂತಿದ್ದರು. ಅಕ್ಕಯ್ಯಮ್ಮ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನಿಧಾನವಾಗಿ ನೋಡಿದಳು.

“ಇವನ್ದೂ ಹಾಕ್ಕೊಳಪ್ಪ,” ಎಂದಳು. “ಪಾಪ, ನನ್ನ ಬಿಟ್ರೆ ಇವನಿಗೆ ಇನ್ಯಾರಿದ್ದಾರೆ.”